ಆಲ್ಟರೇಷನ್ ಅತ್ತೆ ಲಿನಕ್ಸ್ ಆರಿಸಿದ್ದು

ಆ ಬೀದಿಯಲ್ಲಿ ಆಕೆಯನ್ನು ಅತ್ತೆ ಎಂದು ಕರೆಯುವ ಹಕ್ಕು ನ್ಯಾಯವಾಗಿ ಇದ್ದದ್ದು ಒಬ್ಬಳಿಗೇ, ದೂರದ ಊರಿನಲ್ಲಿ ಕೆಲಸಕ್ಕಿದ್ದ ಮಗನ ಹೆಂಡತಿಗೆ. ಆದರೆ ಸೊಸೆ ಮನೆಗೆ ಬಂದ ಹೊಸತರಲ್ಲಿ ಮಹಡಿಯ ಮೇಲಿಂದ ಕೆಳಗಿನ ಅಂಗಡಿಗೆ “ಅತ್ತೇ” ಎಂದು ಕೂಗುತ್ತಿದ್ದ ಕೂಗು ಎಷ್ಟು ಖಡಕ್ಕಾಗಿತ್ತೆಂದರೆ, ಬೀದಿಗೆ ಬೀದಿಯೇ ಅದನ್ನು ಎತ್ತಿಕೊಂಡಿತು. ಎದುರಿನ ಔಷಧಿ ಅಂಗಡಿಯವರು ಆಕೆಗಿಂತ ವಯಸ್ಸಿನಲ್ಲಿ ದೊಡ್ಡವರು, ಅವರೂ ನಾಚಿಕೆಯಿಲ್ಲದೆ ಅತ್ತೆ ಎಂದರು. ರೆಡಿಮೇಡ್ ಬಟ್ಟೆಗಳ ಹಾವಳಿ ಶುರುವಾಗಿ ಹೊಸದಾಗಿ ಹೊಲಿಸುವವರು ಕಡಿಮೆಯಾದ ಮೇಲೆ, ಉದ್ದವಾದದ್ದನ್ನು ಗಿಡ್ಡ ಮಾಡುವುದು, ಬಿಗಿಯಾದದ್ದನ್ನು ಸಡಿಲ ಮಾಡುವುದೇ ಆಕೆಯ ಮುಖ್ಯ ಕಸುಬಾಯಿತು. ಹಾಗೆ ಆಕೆ ಆಲ್ಟರೇಷನ್ ಅತ್ತೆ ಆದರು.

ಅಂಗಡಿ ಎಂದರೆ ಮನೆಯ ಮುಂದಿನ ಕೋಣೆ. ಬಟ್ಟೆ ಕತ್ತರಿಸುವ ಉದ್ದನೆಯ ಮೇಜು, ಎರಡು ಹೊಲಿಗೆ ಯಂತ್ರ, ಪರದೆ ಎಳೆದುಕೊಂಡು ಬಟ್ಟೆ ಬದಲಾಯಿಸಲು ಒಂದು ಮೂಲೆ, ಎಲ್ಲರನ್ನೂ ಸ್ವಲ್ಪ ತೆಳ್ಳಗೆ ತೋರಿಸಿ ಗಿರಾಕಿಗಳನ್ನು ಖುಷಿಪಡಿಸುವ ಒಂದು ಕನ್ನಡಿ. ಕಿಟಕಿಯ ಪಕ್ಕದಲ್ಲಿ ಒಂದು ಹಳೆಯ ಕಂಪ್ಯೂಟರ್. ಅದಕ್ಕೆ ಅತ್ತೆ ತಾವೇ ಹೂವಿನ ಬಟ್ಟೆಯ ಅಂಗಿ ಹೊಲಿದು ತೊಡಿಸಿದ್ದರು. ಗಿರಾಕಿಗಳಿಗೆ ಕುತ್ತಿಗೆಯ ಡಿಸೈನ್ ತೋರಿಸಲು, ಬಿಲ್ಲು ಮುದ್ರಿಸಲು, ಮಧ್ಯಾಹ್ನದ ತೂಕಡಿಕೆಗೆ ಹಾಡು ಕೇಳಲು ಅದು ಬೇಕಾಗಿತ್ತು.

ಅತ್ತೆಯ ಒಂದು ಗುಣ ಬೀದಿಗೆಲ್ಲ ಗೊತ್ತಿತ್ತು. ಟ್ರಯಲ್ ನೋಡದೆ ಆಕೆ ಏನನ್ನೂ ಮುಗಿಸುವವರಲ್ಲ. ಪ್ಯಾಂಟಿನ ಕಾಲು ಬೆರಳಗಲ ಗಿಡ್ಡ ಮಾಡಬೇಕೆಂದರೂ ಮೊದಲು ಉದ್ದುದ್ದ ಕಚ್ಚಾ ಹೊಲಿಗೆ ಹಾಕಿ, ತೊಡಿಸಿ, ನಡೆಸಿ, ಕೂರಿಸಿ, ಏಳಿಸಿ, ಮತ್ತೆ ಬಿಚ್ಚಿ ಇನ್ನೊಂದು ಸಲ ಹಾಕಿ ನೋಡಬೇಕು. “ಅತ್ತೆ, ನಾನು ಆಫೀಸಿಗೆ ಹೋಗ್ಬೇಕು” ಎಂದು ಗಿರಾಕಿ ಗೋಗರೆದರೆ, “ಹೋಗಪ್ಪ, ಯಾರು ಬೇಡ ಅಂದ್ರು? ಗುಂಡುಸೂಜಿ ಹಾಗೇ ಇರ್ಲಿ, ಚುಚ್ಚಿದ್ರೆ ಹೇಳು” ಎನ್ನುತ್ತಿದ್ದರು. ಕತ್ತರಿ ಹಾಕುವ ಮುಂಚೆ ಎಷ್ಟು ಸಲ ಬೇಕಾದರೂ ನೋಡಬಹುದು, ಹಾಕಿದ ಮೇಲೆ ನೋಡಿ ಏನು ಪ್ರಯೋಜನ ಎಂಬುದು ಆಕೆಯ ವಾದ. ವಾದದಲ್ಲಿ ಹುರುಳಿತ್ತು. ಆದರೆ ಆ ವಾದವನ್ನು ಬಟ್ಟೆಗೆ ಮಾತ್ರ ಸೀಮಿತವಾಗಿಡುವ ವಿವೇಕ ಆಕೆಗೆ ಇರಲಿಲ್ಲ. ಪೊರಕೆ ಕೊಳ್ಳಲು ಹೋದರೂ ಅಂಗಡಿಯ ಮುಂಭಾಗ ಗುಡಿಸಿ ನೋಡಿಯೇ ತರುತ್ತಿದ್ದರು.

ಇನ್ನು ಆಕೆಯ ಕೈಯಲ್ಲೊಂದು ವಿದ್ಯೆ ಇತ್ತು. ಅದಕ್ಕೆ ಮನೆಯಲ್ಲಿ ‘ಕಂಬದ ತೋಳು’ ಎಂದು ಹೆಸರು. ಆಕೆಯ ಗಂಡ ವಿದ್ಯುತ್ ಇಲಾಖೆಯಲ್ಲಿ ಲೈನ್‌ಮ್ಯಾನ್ ಆಗಿದ್ದವರು. ದಿನವಿಡೀ ಕಂಬ ಹತ್ತಿ ಕೈ ಮೇಲೆತ್ತಿ ಕೆಲಸ. ಮಾಮೂಲಿ ಅಂಗಿ ತೊಟ್ಟರೆ ಕೈ ಎತ್ತಿದಾಗಲೆಲ್ಲ ಅಂಗಿ ಸೊಂಟದಿಂದ ಕಿತ್ತು ಮೇಲೆ ಬಂದು, ಕೆಳಗೆ ನಿಂತ ಊರಿಗೆಲ್ಲ ಅವರ ಹೊಟ್ಟೆಯ ದರ್ಶನವಾಗುತ್ತಿತ್ತು. ಆಗ ಅವರ ತಾಯಿ, ಅಂದರೆ ಅತ್ತೆಯ ಅತ್ತೆ, ತಲೆ ಓಡಿಸಿ ಬೇರೆಯದೇ ತೋಳು ಕತ್ತರಿಸಿದರು. ಕಂಕುಳನ್ನು ಮೇಲಕ್ಕೆ ತಂದು, ತೋಳಿನ ತಲೆಯನ್ನು ತಗ್ಗಿಸಿ, ಕಂಕುಳ ಅಡಿಯಲ್ಲಿ ಓರೆಯಾಗಿ ಕತ್ತರಿಸಿದ ಎಲೆಯಾಕಾರದ ತುಂಡೊಂದನ್ನು ಸೇರಿಸಿದರು. ಕೈ ಆಕಾಶಕ್ಕೆ ಹೋದರೂ ಅಂಗಿ ಇದ್ದಲ್ಲೇ ಇತ್ತು. ಆ ಎಲೆ ಎಷ್ಟು ಓರೆ, ಎಲ್ಲಿ ಎಷ್ಟು ಬಾಗು ಎಂಬುದು ಆ ಮುದುಕಿಯ ಕೈಗೆ ಗೊತ್ತಿತ್ತು, ಅಲ್ಲಿಂದ ಅತ್ತೆಯ ಕೈಗೆ ಬಂತು. ಮೂರನೆಯ ಕೈಗೆ ಗೊತ್ತಿರಲಿಲ್ಲ. ಬಣ್ಣ ಬಳಿಯುವವರು, ಬೋರ್ಡ್ ಬರೆಯುವವರು, ಬೋರ್ಡಿನ ಮೇಲೆ ಬರೆಯುವ ಮೇಷ್ಟ್ರುಗಳು, ಕೈ ಎತ್ತಿ ದುಡಿಯುವವರೆಲ್ಲ ದೂರದೂರದಿಂದ ಈ ಒಂದು ತೋಳಿಗಾಗಿ ಹುಡುಕಿಕೊಂಡು ಬರುತ್ತಿದ್ದರು.

ಈಗ ಅದೇ ಕೈ ಕೈಕೊಟ್ಟಿತ್ತು. ಕತ್ತರಿ ಹಿಡಿದು ಸ್ವಲ್ಪ ಹೊತ್ತಾದರೆ ಮಣಿಕಟ್ಟು ನೋಯುತ್ತಿತ್ತು, ಬೆರಳು ನಡುಗುತ್ತಿತ್ತು. ಮೂಳೆ ಡಾಕ್ಟರು ಒತ್ತಿ ನೋಡಿ, “ಅಮ್ಮಾ, ಹೊಲೀರಿ, ಬೇಡ ಅನ್ನಲ್ಲ. ಕತ್ತರಿ ಮಾತ್ರ ಇನ್ನು ಬೇಡ. ಹೀಗೇ ಮಾಡ್ತಾ ಹೋದ್ರೆ ಲೋಟ ಎತ್ತೋಕೂ ಆಗಲ್ಲ” ಎಂದಿದ್ದರು. ಅತ್ತೆ ಡಾಕ್ಟರ ಮುಂದೆ ತಲೆಯಾಡಿಸಿ, ಮನೆಗೆ ಬಂದು ಕತ್ತರಿ ಹಿಡಿದರು. ಆದರೆ ಒಳಗೊಳಗೇ ಹೆದರಿದ್ದರು. ತಾನು ಕತ್ತರಿ ಕೆಳಗಿಟ್ಟ ದಿನ ಕಂಬದ ತೋಳು ಈ ಲೋಕದಿಂದ ಹೋಗುತ್ತದೆ, ಅತ್ತೆ ಕೊಟ್ಟದ್ದನ್ನು ತಾನು ಕಳೆದಂತಾಗುತ್ತದೆ ಎಂಬ ಸಂಕಟ ಅವರನ್ನು ಕೊರೆಯುತ್ತಿತ್ತು.

ಸೊಸೆಗೆ ಕಲಿಸಬಹುದಲ್ಲ ಎಂದು ಕೇಳಬಹುದು. ಸೊಸೆಯೂ ಕೇಳಿದ್ದಳು. ಆಕೆ ಒಂದು ಸಿದ್ಧ ಉಡುಪಿನ ಕಾರ್ಖಾನೆಯಲ್ಲಿ ಕಾಲರ್ ವಿಭಾಗದಲ್ಲಿದ್ದಳು. ಬೆಳಗಿನಿಂದ ಸಂಜೆಯವರೆಗೆ ಕಾಲರ್, ಕಾಲರ್, ಬರೀ ಕಾಲರ್. “ಅತ್ತೆ, ನನಗೂ ಕತ್ತರಿಸೋದು ಕಲಿಸಿ” ಎಂದು ಮದುವೆಯಾದ ಹೊಸತರಲ್ಲೇ ಹೇಳಿದ್ದಳು. “ಮೊದಲು ಅಂಚು ಮಡಚಿ ಹೊಲಿ, ನೋಡೋಣ” ಎಂದರು ಅತ್ತೆ. ಅಂಚು ಚೆನ್ನಾಗಿ ಬಂತು. “ಗುಂಡಿಗೆ ಕಾಜಾ ಮಾಡು, ನೋಡೋಣ.” ಕಾಜಾ ಅದಕ್ಕಿಂತ ಚೆನ್ನಾಗಿ ಬಂತು. “ನೋಡೋಣ” ಮಾತ್ರ ಮುಗಿಯಲಿಲ್ಲ. ದಿನಕ್ಕೆ ರಾಶಿ ಕಾಲರ್ ಹೊಲಿಯುವವಳಿಗೆ ಒಂದು ಇಡೀ ಅಂಗಿಯ ಅಂದಾಜು ಹೇಗೆ ಬರಬೇಕು ಎಂಬ ಅನುಮಾನ ಅತ್ತೆಯ ಮನಸ್ಸಿನಲ್ಲಿ ಮುಳ್ಳಿನಂತೆ ಕೂತಿತ್ತು. ಸೊಸೆ ಮಾತಿನ ಮಲ್ಲಿ. ಆದರೂ ಈ ಒಂದು ವಿಷಯದಲ್ಲಿ ಬಾಯಿಗೆ ಬೀಗ ಹಾಕಿಕೊಂಡು ರಜಾ ದಿನಗಳಲ್ಲಿ ಅಂಚು ಮಡಚುತ್ತಿದ್ದಳು.

ಹೀಗಿರುವಾಗ ಒಂದು ರಜಾ ದಿನದ ಬೆಳಿಗ್ಗೆ ಕಂಪ್ಯೂಟರ್ ತೆರೆದರೆ ಪರದೆಯ ಮೇಲೊಂದು ಪ್ರಕಟಣೆ. ಈ ಯಂತ್ರ ಹೊಸ ಆವೃತ್ತಿಗೆ ತಕ್ಕುದಲ್ಲ, ದಯವಿಟ್ಟು ಹೊಸ ಯಂತ್ರ ಕೊಳ್ಳಿ ಎಂಬುದು ಅದರ ಸಾರಾಂಶ. ಅತ್ತೆಗೆ ಮೈಯೆಲ್ಲ ಉರಿದುಹೋಯಿತು.

“ನನ್ನ ಅಂಗಡಿಗೆ ಬಂದು, ನನ್ನ ಕರೆಂಟ್ ತಿಂದು, ನನ್ನ ಮಿಶನ್ನಿಗೆ ಯೋಗ್ಯತೆ ಇಲ್ಲ ಅಂತಾನಲ್ಲ! ಯಾವನ್ರೀ ಅವನು?” ಎಂದು ಗಂಡನನ್ನು ಕೇಳಿದರು, ಅವರೇ ಬರೆದು ಹಾಕಿದ್ದಾರೋ ಎಂಬಂತೆ.

“ನಿಧಾನ ಅಂತೂ ಆಗಿದೆ ಬಿಡೇ” ಎಂದರು ಗಂಡ.

“ನಿಧಾನ ನೀವೂ ಆಗಿದ್ದೀರಿ. ನಿಮ್ಮನ್ನ ಬದಲಾಯಿಸಿದೀನಾ?”

ಆ ಹೊತ್ತಿಗೆ ಬಟ್ಟೆ ಬದಲಾಯಿಸುವ ಮೂಲೆಯ ಪರದೆಯ ಹಿಂದಿನಿಂದ ಒಂದು ತಲೆ ಹೊರಬಂತು. ಅದು ಕಾಲೇಜಿನ ಲೈಬ್ರರಿಯಲ್ಲಿ ಕಂಪ್ಯೂಟರ್‌ಗಳನ್ನು ನೋಡಿಕೊಳ್ಳುವವನ ತಲೆ. ಬೀದಿಯಲ್ಲಿ ಅವನನ್ನು ಲೈಬ್ರರಿ ಎಂದೇ ಕರೆಯುತ್ತಿದ್ದರು. ಆಗಾಗ ತೆಳ್ಳಗಾಗುವ ವ್ರತ ಹಿಡಿದು ಪ್ಯಾಂಟಿನ ಸೊಂಟ ಕಿರಿದು ಮಾಡಿಸುತ್ತಿದ್ದ, ವ್ರತ ಮುರಿದು ಮತ್ತೆ ಅಗಲ ಮಾಡಿಸುತ್ತಿದ್ದ. ಅತ್ತೆಯ ಅಂಗಡಿ ನಡೆಯುತ್ತಿದ್ದದ್ದೇ ಅವನ ಚಾಪಲ್ಯದಿಂದ ಎಂದು ಸೊಸೆ ಹೇಳುತ್ತಿದ್ದಳು.

“ಅತ್ತೆ, ಮಿಶನ್ ಬಿಸಾಡ್ಬೇಡಿ” ಎಂದ ಅವನು. “ಒಳಗಿನ ವ್ಯವಸ್ಥೆ ಮಾತ್ರ ಬದಲಾಯ್ಸಿ. ಲಿನಕ್ಸ್ ಹಾಕಿ. ಹಳೇ ಮಿಶನ್ನಲ್ಲೂ ಓಡುತ್ತೆ.”

ಹಳೆಯದನ್ನು ಬಿಸಾಡದೆ ಆಲ್ಟರ್ ಮಾಡುವುದು! ಅತ್ತೆಯ ಕಿವಿ ನೆಟ್ಟಗಾಯಿತು. “ಎಷ್ಟಾಗುತ್ತೆ?”

“ಬಿಟ್ಟಿ.”

ನೆಟ್ಟಗಾದ ಕಿವಿ ಮತ್ತೆ ಬಾಗಿತು. ಬಿಟ್ಟಿ ಸಿಗುವ ಬಟ್ಟೆ ಮೊದಲ ಒಗೆತಕ್ಕೇ ಬಣ್ಣ ಬಿಡುತ್ತದೆ ಎಂಬುದು ಆಕೆಯ ಅನುಭವ. ಅದನ್ನು ಬರೆಯುವವರು ಲೋಕದ ಮೂಲೆಮೂಲೆಯಲ್ಲಿದ್ದಾರೆ, ಬರೆದದ್ದನ್ನು ಮುಚ್ಚಿಡದೆ ಎಲ್ಲರಿಗೂ ಹಂಚುತ್ತಾರೆ, ಬೇಕಾದವರು ತಮಗೆ ಬೇಕಾದ ಹಾಗೆ ತಿದ್ದಿಕೊಳ್ಳಬಹುದು ಎಂದು ಲೈಬ್ರರಿ ವಿವರಿಸಿದ. ಮುಚ್ಚಿಡದೆ ಹಂಚುತ್ತಾರೆ ಎಂಬಲ್ಲಿ ಸೊಸೆ ಅಂಚು ಮಡಚುವುದನ್ನು ನಿಲ್ಲಿಸಿ ಅತ್ತೆಯ ಕಡೆ ಒಮ್ಮೆ ನೋಡಿದಳು. ಅತ್ತೆ ನೋಡಲಿಲ್ಲ.

“ಆದ್ರೆ ಯಾವುದನ್ನ ಹಾಕ್ಬೇಕು ಅಂತ ನೀವೇ ಆರಿಸ್ಬೇಕು ಅತ್ತೆ. ಒಂದಲ್ಲ, ಎರಡಲ್ಲ, ನೂರಾರು ಥರ ಇದೆ. ಉಬುಂಟು, ಮಿಂಟ್, ಡೆಬಿಯನ್, ಫೆಡೋರಾ...”

“ಎಲ್ಲಾ ತೆಗೆದು ತೋರಿಸು” ಎಂದರು ಅತ್ತೆ, ಜವಳಿ ಅಂಗಡಿಯಲ್ಲಿ ಕಾಲು ಮಡಚಿ ಕೂತವರ ಗತ್ತಿನಲ್ಲಿ.

ಬಿಟ್ಟಿಯಾದರೆ ತಾನೇ ತರಿಸಿಕೊಳ್ಳುತ್ತೇನೆ ಎಂದು ಮೊದಲ ಸಲ ಅತ್ತೆಯ ಗಂಡ ಮುಂದಾದರು. ಇಂಟರ್ನೆಟ್ಟಿನಿಂದ ಒಂದು ಭಾರಿ ಫೈಲು ಇಳಿಸಿ, ಹಾಡು ತುಂಬುವ ಹಾಗೆ ಅದನ್ನು ಪೆನ್‌ಡ್ರೈವ್‌ಗೆ ತುಂಬಿ, ಚುಚ್ಚಿ, ಕೈಕಟ್ಟಿ ಕೂತರು. ಕಂಪ್ಯೂಟರ್ ಎಂದಿನಂತೆ ಹಳೆಯ ಮುಖವನ್ನೇ ತೋರಿಸಿತು. ಲೈಬ್ರರಿ ಬಂದು ಹೊಟ್ಟೆ ಹಿಡಿದುಕೊಂಡು ನಕ್ಕ. ಹಾಗೆ ತುಂಬಿದರೆ ಅದು ಬರೀ ಸಾಮಾನು, ಯಂತ್ರ ಅದರಿಂದಲೇ ಎದ್ದೇಳಬೇಕಾದರೆ ಅದಕ್ಕೆಂದೇ ಇರುವ ತಂತ್ರಾಂಶದಿಂದ ಪೆನ್‌ಡ್ರೈವ್ ಮೇಲೆ ಬರೆಯಬೇಕು ಎಂದ. ಬರೆದು ತಂದೂ ಕೊಟ್ಟ. ಕಂಪ್ಯೂಟರ್ ಏಳುವಾಗಲೇ ಕೀಲಿಮಣೆಯ ಮೇಲಿನ ಸಾಲಿನ ಒಂದು ಗುಂಡಿಯನ್ನು ಬಿಡದೆ ಒತ್ತುತ್ತಿರಬೇಕು ಎಂದಾಗ ಅತ್ತೆಗೆ ಹೊಲಿಗೆ ಯಂತ್ರ ತುಳಿದ ಅಭ್ಯಾಸಬಲದಿಂದ ಕಾಲೂ ಜೊತೆಗೆ ಆಡಿತು.

“ಇದು ಟ್ರಯಲ್ ಅತ್ತೆ” ಎಂದ ಲೈಬ್ರರಿ. “ಪೆನ್‌ಡ್ರೈವ್‌ನಿಂದಲೇ ಓಡುತ್ತೆ. ಸುಮ್ನೆ ಆಡಿಸಿ ನೋಡಿ. ನಿಮ್ಮ ಹಳೇದನ್ನ ಇದು ಮುಟ್ಟೋದೇ ಇಲ್ಲ. ಆಫ್ ಮಾಡಿದ್ರೆ ಎಲ್ಲಾ ಮೊದಲಿನ ಹಾಗೇ.”

ಟ್ರಯಲ್ ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ಅತ್ತೆಯ ಮುಖ ಊರಗಲವಾಯಿತು. ಕತ್ತರಿ ಹಾಕದೆ, ಬಟ್ಟೆ ಕೆಡದೆ, ಎಷ್ಟು ಸಲ ಬೇಕಾದರೂ ತೊಟ್ಟು ನೋಡಬಹುದಾದ ಕಂಪ್ಯೂಟರ್! ಇದನ್ನು ಮಾಡಿದವರಲ್ಲಿ ಯಾರೋ ಒಬ್ಬರು ಟೈಲರ್ ಇರಲೇಬೇಕು ಎಂದುಕೊಂಡರು. ಆಫ್ ಮಾಡಿದರೆ ಎಲ್ಲಾ ಮೊದಲಿನ ಹಾಗೇ ಎಂಬ ಮಾತನ್ನು ಅಭಯವೆಂದು ಎದೆಗೆ ಹಾಕಿಕೊಂಡರು. ಅದೊಂದು ಎಚ್ಚರಿಕೆಯೂ ಹೌದು ಎಂದು ಆಕೆಗೆ ಹೊಳೆಯಲಿಲ್ಲ. ಹೊಳೆಯುವುದಾದರೂ ಹೇಗೆ? ಕಚ್ಚಾ ಹೊಲಿಗೆ ತಾನಾಗಿ ಬಿಚ್ಚಿಕೊಂಡದ್ದನ್ನು ಆಕೆ ಈ ಜನ್ಮದಲ್ಲಿ ಕಂಡಿರಲಿಲ್ಲ. ತಾವೇ ದಾರ ಎಳೆಯುವವರೆಗೂ ಅದು ಇದ್ದಲ್ಲೇ ಇರುತ್ತಿತ್ತು.

ಆಮೇಲಿನ ಕಾಲವನ್ನು ಸೊಸೆ ‘ಪೆನ್‌ಡ್ರೈವ್ ಸ್ವಯಂವರ’ ಎಂದು ಕರೆದಳು. ಲೈಬ್ರರಿ ಒಂದೊಂದಾಗಿ ತಂದ. ಎಲ್ಲ ಪೆನ್‌ಡ್ರೈವ್‌ಗಳೂ ಒಂದೇ ಥರ ಕಪ್ಪಗಿದ್ದುದರಿಂದ ಅತ್ತೆ ಒಂದೊಂದಕ್ಕೂ ಬೇರೆ ಬೇರೆ ಚೂರುಬಟ್ಟೆಯ ಪುಟ್ಟ ಚೀಲ ಹೊಲಿದರು. ಚೌಕುಳಿಯದು, ಗೆರೆಯದು, ಚುಕ್ಕೆಯದು, ಬಿಳಿಯದು. ಹೆಸರುಗಳು ಯಾರ ಬಾಯಲ್ಲೂ ನಿಲ್ಲಲಿಲ್ಲ, ಚೀಲದ ಹೆಸರೇ ನಿಂತಿತು. ಚುಕ್ಕೆಯದು ಚೆಂದವಿತ್ತು, ಆದರೆ ಈ ಹಳೆಯ ಯಂತ್ರದ ಮೈಗೆ ಸ್ವಲ್ಪ ಭಾರ ಎಂದರು. ಬಿಳಿಯದು ಹಗುರ, ಆದರೆ ಅಲಂಕಾರವೇ ಇಲ್ಲ, ಆಸ್ಪತ್ರೆ ಹೊದಿಕೆ ಇದ್ದಂತಿದೆ ಎಂದರು. ಗೆರೆಯದರಲ್ಲಿ ಗುಂಡಿಗಳೆಲ್ಲ ಎಡಗಡೆ, ನನಗೆ ಬಲಗಡೆ ಬೇಕು ಎಂದು ಮೂಗು ಮುರಿದರು.

ಸುದ್ದಿ ಎದುರಿನ ಔಷಧಿ ಅಂಗಡಿಗೂ ತಲುಪಿತು. ಅವರು ವರ್ಷಗಳಿಂದ ಡೆಬಿಯನ್ ಬಳಸುತ್ತಿದ್ದವರಂತೆ, ಯಾರೂ ಕೇಳಿರಲಿಲ್ಲವಾದ್ದರಿಂದ ಹೇಳಿರಲಿಲ್ಲವಂತೆ. ಈಗ ಕೇಳದೆಯೂ ಹೇಳಲು ಬಂದರು.

“ಹೊಸಬರಿಗೆ ಮಿಂಟ್ ಕೊಡ್ಬೇಕು” ಎಂದ ಲೈಬ್ರರಿ. ಅವನು ಅರ್ಧ ಬಿಚ್ಚಿದ ಸೊಂಟಪಟ್ಟಿಯ ಪ್ಯಾಂಟನ್ನು ಒಂದು ಕೈಯಲ್ಲಿ ಹಿಡಿದುಕೊಂಡು ನಿಂತಿದ್ದ.

“ಅದೂ ಸ್ವಂತದ್ದಲ್ಲಪ್ಪ, ಉಬುಂಟು ಮೇಲೆ ಕಟ್ಟಿದ್ದು. ಉಬುಂಟು ಡೆಬಿಯನ್ ಮೇಲೆ ಕಟ್ಟಿದ್ದು. ಮೊಮ್ಮಗನ್ನ ಯಾಕೆ, ನೇರವಾಗಿ ತಾತನ್ನೇ ಕರ್ಕೊಂಡು ಬರೋಣ” ಎಂದರು ಔಷಧಿಯವರು.

“ತಾತ ಬಂದ್ರೆ ಎಲ್ಲಾ ನಾವೇ ಮಾಡಿಕೊಡ್ಬೇಕು ಸಾರ್!”

ಹೇಳುವ ಆವೇಶದಲ್ಲಿ ಲೈಬ್ರರಿ ಎರಡೂ ಕೈ ಎತ್ತಿದ. ಪ್ಯಾಂಟು ತನ್ನ ಪಾಡಿಗೆ ತಾನು ಕೆಳಗಿಳಿಯಿತು. ಅತ್ತೆ ಬಾಯಲ್ಲಿದ್ದ ಗುಂಡುಸೂಜಿಗಳನ್ನು ಉಗುಳಿ, “ಮೊದ್ಲು ನಿನ್ನದನ್ನ ಇನ್‌ಸ್ಟಾಲ್ ಮಾಡ್ಕೋ” ಎಂದರು. ಸೊಸೆ ನಗು ತಡೆಯಲಾರದೆ ಮಹಡಿಗೆ ಓಡಿದಳು.

ಚೌಕುಳಿ ಚೀಲ ಬಂದ ಮೇಲೆ ವಿಷಯ ಗಂಭೀರವಾಯಿತು. ಅದರಲ್ಲಿ ಬಟ್ಟೆಯ ನಕ್ಷೆ ಬಿಡಿಸುವ ತಂತ್ರಾಂಶವೊಂದನ್ನು ಲೈಬ್ರರಿ ಹಾಕಿ ತೋರಿಸಿದ. ಎದೆಯ ಅಳತೆ ಕೊಟ್ಟರೆ ಗೆರೆ ತಾನೇ ಹಿಗ್ಗುತ್ತದೆ, ಕುಗ್ಗುತ್ತದೆ. ಒಂದು ಸಲ ಬಿಡಿಸಿಟ್ಟರೆ ಯಾರ ಅಳತೆಗೆ ಬೇಕಾದರೂ ಕಾಗದದ ಮೇಲೆ ಮುದ್ರಿಸಿ, ಬಟ್ಟೆಯ ಮೇಲಿಟ್ಟು ಕತ್ತರಿಸಬಹುದು. ಅತ್ತೆ ಕುರ್ಚಿಯನ್ನು ಪರದೆಯ ಹತ್ತಿರಕ್ಕೆ ಎಳೆದುಕೊಂಡರು. ಕಂಬದ ತೋಳನ್ನು ಇದರೊಳಗೆ ಇಟ್ಟುಬಿಟ್ಟರೆ! ಕೈ ಹೋದರೂ ತೋಳು ಉಳಿಯುತ್ತದೆ. ಯಾರ ಕೈಯನ್ನೂ ನೆಚ್ಚಿಕೊಳ್ಳಬೇಕಾಗಿಲ್ಲ, ಯಾರಿಗೂ ಕಲಿಸಬೇಕಾಗಿಲ್ಲ.

ಅತ್ತೆ ಮಧ್ಯಾಹ್ನದ ತೂಕಡಿಕೆ ಬಿಟ್ಟರು. ನಡುಗುವ ಕೈಯಲ್ಲಿ ಮೌಸ್ ಹಿಡಿದು, ಅದನ್ನು ಇನ್ನೊಂದು ಕೈಯಿಂದ ಒತ್ತಿಹಿಡಿದು, ಒಂದೊಂದೇ ಬಾಗು ಬಿಡಿಸತೊಡಗಿದರು. ಒಂದು ಗೆರೆಗೆ ಒಂದು ಮಧ್ಯಾಹ್ನ. ನೋವಾದಾಗ ಬಿಸಿನೀರಿನ ಚೀಲ, ಮತ್ತೆ ಗೆರೆ. ಸಂಜೆ ಯಂತ್ರವನ್ನು ಆಫ್ ಮಾಡದೆ ಹಾಗೇ ಮಲಗಿಸಿ, ಹೂವಿನ ಅಂಗಿ ಹೊದಿಸುತ್ತಿದ್ದರು.

“ಅತ್ತೆ, ಇದನ್ನೇ ಇನ್‌ಸ್ಟಾಲ್ ಮಾಡಿಬಿಡ್ಲಾ?” ಎಂದು ಲೈಬ್ರರಿ ಬಂದಾಗಲೆಲ್ಲ ಕೇಳುತ್ತಿದ್ದ.

“ಫೆಡೋರಾ ಅಂದ್ಯಲ್ಲ, ಅದನ್ನ ಇನ್ನೂ ತಂದಿಲ್ಲ. ಅದನ್ನೂ ಒಂದ್ಸಲ ನೋಡೋಣ.”

ಬಿಡಿಸುವ ನಡುವೆ ಯಂತ್ರ ಆರಬಾರದು. ಕರೆಂಟ್ ಹೋದರೆ ಮನೆಯ ಇನ್ವರ್ಟರ್ ಇತ್ತು, ಉಳಿದದ್ದು ಒಂದೇ ಒಂದು ಅಪಾಯ, ಅದರ ಹೆಸರು ಗಂಡ. ಕೆಲಸದಿಂದ ನಿವೃತ್ತರಾದರೂ ಅವರ ಕೈ ನಿವೃತ್ತವಾಗಿರಲಿಲ್ಲ. ಕೋಣೆಯಿಂದ ಹೊರಗೆ ಕಾಲಿಡುವಾಗ ಸ್ವಿಚ್ ಆರಿಸದಿದ್ದರೆ ಅವರಿಗೆ ಕಾಲೇ ಏಳುತ್ತಿರಲಿಲ್ಲ. ಸ್ನಾನಕ್ಕೆ ಹೋದವರು ಒಳಗಿದ್ದಾರೆ ಎಂಬುದನ್ನೂ ಮರೆತು ಹೊರಗಿನಿಂದ ದೀಪ ಆರಿಸಿದ ಖ್ಯಾತಿ ಅವರದ್ದು. ಬೀದಿಯಲ್ಲಿ ಅವರಿಗೆ ಸ್ವಿಚ್ ಮಾವ ಎಂದು ಹೆಸರು. ಅಂಗಡಿಯ ಮುಖ್ಯ ಸ್ವಿಚ್ಚನ್ನು ಅವರೇ ಬಾಗಿಲ ಮೇಲೆ ಎತ್ತರದಲ್ಲಿ ಕೂರಿಸಿದ್ದರು. ಅದನ್ನು ತಲುಪಲು ಅವರೊಬ್ಬರ ಕೈಗೆ ಮಾತ್ರ ಸಾಧ್ಯವಿತ್ತು, ಅದೂ ಪೂರ್ತಿ ಚಾಚಿದರೆ. ಅತ್ತೆ ಅದಕ್ಕೊಂದು ಉಪಾಯ ಮಾಡಿದ್ದರು. ಕುರ್ಚಿ ಹತ್ತಿ ತಮ್ಮ ಅಳತೆ ಟೇಪನ್ನು ಆ ಸ್ವಿಚ್ಚಿಗೆ ನೇತುಹಾಕಿ ಹೇಳಿದ್ದರು: “ನೋಡಿ, ಟೇಪ್ ನೇತಾಡ್ತಾ ಇರೋವರೆಗೂ ಮುಟ್ಟಬಾರದು. ಮುಟ್ಟಿದ್ರೆ ನಾನಿಲ್ಲ ಅಂದ್ಕೊಳ್ಳಿ.”

ಗಂಡ ಮಾತಿಗೆ ತಪ್ಪಲಿಲ್ಲ. ತಪ್ಪಿದ್ದು ಟೇಪು. ಕೊನೆಯ ಬಾಗು, ಎಲೆಯ ತುದಿ, ಬಿಡಿಸಿ ಮುಗಿಸಿದ ಸಂತೋಷದಲ್ಲಿ ಅತ್ತೆ ಕೂತಿದ್ದಾಗ ಗಿರಾಕಿಯೊಬ್ಬಳು ಗಡಿಬಿಡಿಯಲ್ಲಿ ಬಂದಳು. ಸೊಂಟದ ಅಳತೆ ತೆಗೆಯಬೇಕು. ಇನ್ನೊಂದು ಟೇಪು ಮಹಡಿಯಲ್ಲಿತ್ತು, ಮಂಡಿ ಮಹಡಿ ಹತ್ತಲು ಒಪ್ಪಲಿಲ್ಲ. ಅತ್ತೆ ನೇತಾಡುವ ಟೇಪನ್ನು ಕೋಲಿನಿಂದ ಇಳಿಸಿದರು, ಅಳೆದರು, ಅಭ್ಯಾಸದಂತೆ ಕುತ್ತಿಗೆಗೆ ಹಾಕಿಕೊಂಡರು. ಗಿರಾಕಿಯನ್ನು ಮಾತಾಡಿಸುತ್ತ ಬಾಗಿಲಾಚೆ ಹೋದರು. ಗಂಡ ಒಳಗೆ ಬಂದು ತಲೆಯೆತ್ತಿ ನೋಡಿದರು. ಟೇಪು ಇರಲಿಲ್ಲ. ಎಷ್ಟೋ ದಿನಗಳಿಂದ ತಡೆದುಕೊಂಡಿದ್ದ ಕೈಯನ್ನು ಪರಮ ಸಂತೋಷದಿಂದ ಎತ್ತಿದರು.

ಅತ್ತೆ ಬಂದು ಕೋಲಿನಿಂದ ಸ್ವಿಚ್ ಹಾಕಿ ಕಂಪ್ಯೂಟರ್ ಎಬ್ಬಿಸಿದರು. ಚೌಕುಳಿಯದು ಎದ್ದಿತು, ನೀಟಾಗಿ, ಹೊಚ್ಚಹೊಸದಾಗಿ, ಏನೂ ಆಗಿಯೇ ಇಲ್ಲವೆಂಬಂತೆ. ತೋಳಿರಲಿಲ್ಲ. ತೋಳು ಬಿಡಿಸುವ ತಂತ್ರಾಂಶವೂ ಇರಲಿಲ್ಲ. ಎಲ್ಲಾ ಮೊದಲಿನ ಹಾಗೇ. ಕಚ್ಚಾ ಹೊಲಿಗೆ ಬಿಚ್ಚಿಹೋಗಿತ್ತು, ದಾರದ ಒಂದು ಎಳೆಯೂ ಉಳಿದಿರಲಿಲ್ಲ.

ಲೈಬ್ರರಿ ಓಡಿಬಂದು ನೋಡಿ, ತಲೆ ಕೆರೆದುಕೊಂಡು, “ಅತ್ತೆ, ಟ್ರಯಲ್‌ನಲ್ಲಿ ಮಾಡಿದ್ದು ಎಲ್ಲೂ ಉಳಿಯಲ್ಲ. ಆಫ್ ಮಾಡಿದ್ರೆ ಹೋಗುತ್ತೆ ಅಂತ ಹೇಳಿದ್ನಲ್ಲ...” ಎಂದು ಕ್ಷೀಣವಾಗಿ ಹೇಳಿದ.

“ಟೇಪ್ ಇರ್ಲಿಲ್ಲ” ಎಂದರು ಗಂಡ, ಅದಕ್ಕಿಂತ ಕ್ಷೀಣವಾಗಿ.

ಅತ್ತೆ ಬೈಯುತ್ತಾರೆಂದು ಎಲ್ಲರೂ ಕಾದರು. ಬೈದಿದ್ದರೆ ಚೆನ್ನಾಗಿತ್ತು. ಆಕೆ ಕುತ್ತಿಗೆಯಿಂದ ಟೇಪು ತೆಗೆದು, ಸುರುಳಿ ಸುತ್ತಿ ಮೇಜಿನ ಮೇಲಿಟ್ಟು, ಮೌಸ್ ಹಿಡಿಯಲು ನೋಡಿದರು. ಮಣಿಕಟ್ಟು ಸುತರಾಂ ಒಪ್ಪಲಿಲ್ಲ. ಆಕೆಯ ಕಣ್ಣಲ್ಲಿ ನೀರು ತುಂಬಿತು. “ನಮ್ಮತ್ತೆ ಕೊಟ್ಟಿದ್ದು” ಎಂದರು. “ಇನ್ನು ನನ್ನ ಕೈಲಿ ಆಗಲ್ಲ. ಹೋಯ್ತು.”

ಕಾರ್ಖಾನೆಯಿಂದ ಆಗಷ್ಟೇ ಬಂದು, ಬುತ್ತಿ ಚೀಲವನ್ನೂ ಇಳಿಸದೆ ಬಾಗಿಲಲ್ಲಿ ನಿಂತಿದ್ದ ಸೊಸೆ ಬಾಯಿಯ ಬೀಗ ತೆಗೆದಳು.

“ಹೋಗಿಲ್ಲ ಅತ್ತೆ. ನಿಮ್ಮ ತಲೇಲೇ ಇದೆ. ಕೊಡೋಕೆ ನಿಮಗೆ ಮನಸ್ಸಿಲ್ಲ ಅಷ್ಟೆ. ಆ ಪೆನ್‌ಡ್ರೈವ್‌ಗಳಿಗಾದ್ರೂ ಒಂದೊಂದು ಸರದಿ ಅಂತ ಬಂತು, ಒಂದೊಂದು ಚೀಲ ಆದ್ರೂ ಸಿಕ್ತು. ನಾನು ಈ ಮನೆಗೆ ಬಂದಾಗಿನಿಂದ ನನ್ನನ್ನ ನೋಡ್ತಾನೇ ಇದ್ದೀರಿ. ಯಾವತ್ತು ನೋಡಿ ಮುಗಿಯುತ್ತೆ?”

ಗಂಡ ಕೆಮ್ಮಿದರು. ಲೈಬ್ರರಿಗೆ ಇದ್ದಕ್ಕಿದ್ದಂತೆ ಚೀಲಗಳ ಹೊಲಿಗೆಯನ್ನು ಕೂಲಂಕಷವಾಗಿ ಪರಿಶೀಲಿಸಬೇಕೆನಿಸಿತು. ಸೊಸೆ ತಾನಾಡಿದ ಮಾತಿಗೆ ತಾನೇ ಬೆದರಿ ಮಹಡಿ ಹತ್ತಿಬಿಟ್ಟಳು.

ಅತ್ತೆ ಮೇಜಿನ ಮೇಲಿದ್ದ ಕತ್ತರಿಯನ್ನು ಕೈಗೆತ್ತಿಕೊಂಡರು. ಅದು ಅವರ ಅತ್ತೆಯ ಕತ್ತರಿ. ತಾನು ಈ ಮನೆಗೆ ಬಂದ ಹೊಸತರಲ್ಲಿ, ಇನ್ನೂ ಪಾತ್ರೆಗಳ ಜಾಗವೇ ಸರಿಯಾಗಿ ಗೊತ್ತಿಲ್ಲದಾಗ, ಆ ಮುದುಕಿ ಇದನ್ನು ಕೈಗೆ ತುರುಕಿ, “ಕತ್ತರಿಸೇ ಹುಡುಗಿ. ಹಾಳಾದ್ರೆ ಬಟ್ಟೆ ತಾನೆ” ಎಂದಿದ್ದರು. ಮೊದಲ ತೋಳು ಹಾಳಾಗಿತ್ತು. ಎರಡನೆಯದೂ. ಮುದುಕಿ ಅದರಲ್ಲಿ ಒರೆಸುವ ಬಟ್ಟೆ ಮಾಡಿಕೊಂಡು ನಕ್ಕಿದ್ದರು. ಒಂದು ದಿನವೂ “ನೋಡೋಣ” ಅಂದವರಲ್ಲ. ಇದೆಲ್ಲ ನೆನಪಾಗಿ ಅತ್ತೆಗೆ ನಾಚಿಕೆಯಾಯಿತು.

ರಜೆಯ ದಿನ ಬೆಳಿಗ್ಗೆ ಲೈಬ್ರರಿಯನ್ನು ಕರೆಸಿದರು. ಹಳೆಯ ಫೋಟೋಗಳನ್ನೆಲ್ಲ ಬೇರೊಂದು ಡಿಸ್ಕಿಗೆ ನಕಲು ಮಾಡಿಸಿದರು. ಆಮೇಲೆ ಮಹಡಿಯ ಕಡೆ ಮುಖಮಾಡಿ, ಬೀದಿಗೆಲ್ಲ ಕೇಳುವಂತೆ ಸೊಸೆಯನ್ನು ಕೂಗಿದರು. ಆಕೆ ಇಳಿದು ಬಂದಾಗ ಮೇಜಿನ ಮೇಲೆ ಚೀಲಗಳು ಸಾಲಾಗಿದ್ದವು.

“ಯಾವುದು ಹಾಕ್ಸೋಣ? ನೀನು ಹೇಳು.”

ಸೊಸೆ ಚೀಲಗಳನ್ನು ನೋಡಿದಳು, ಅತ್ತೆಯ ಮುಖ ನೋಡಿದಳು. “ಯಾವುದಾದ್ರೂ ಸರಿ ಅತ್ತೆ. ಇವತ್ತೇ ಹಾಕ್ಸಿ, ಸಾಕು.”

“ಇವತ್ತೇ. ಆದ್ರೂ ಹೇಳು.”

“ಚೌಕುಳಿ. ರಜೆ ದಿನ ಅದರಲ್ಲಿ ನೀವು ಬಿಡಿಸ್ತಿದ್ದಾಗ ಬಾಗಿಲ ಸಂದಿಯಿಂದ ನೋಡ್ತಿದ್ದೆ. ಅರ್ಧ ಗೊತ್ತು ನನಗೆ.”

“ಕಳ್ಳಿ” ಎಂದರು ಅತ್ತೆ.

ಚೌಕುಳಿಯಲ್ಲಿದ್ದದ್ದು ಮಿಂಟ್. ಲೈಬ್ರರಿ ಗೆದ್ದೆನೆಂದು ಬೀಗಿದ, ಆದರೆ ಅವನ ಕಡೆ ಯಾರೂ ನೋಡುತ್ತಿರಲಿಲ್ಲ. ಡಿಸ್ಕಿನಲ್ಲಿರುವುದನ್ನೆಲ್ಲ ಅಳಿಸಿ ಹೊಸದನ್ನು ಹಾಕಲೇ ಎಂದು ಪರದೆ ಕೇಳಿದಾಗ ಅತ್ತೆ ಅದನ್ನು ಎರಡು ಸಲ ಓದಿಸಿಕೊಂಡರು. ಇದು ಕತ್ತರಿ. ಒತ್ತಿದರೆ ಒತ್ತಿದ್ದೇ. ಅತ್ತೆ ಒತ್ತಿದರು. ಬಳಸುವವರ ಹೆಸರೇನು ಎಂದು ಅದು ಕೇಳಿತು. ಅತ್ತೆ ಒಂದೊಂದೇ ಅಕ್ಷರ ಹುಡುಕಿ ಸೊಸೆಯ ಹೆಸರನ್ನು ಬರೆದರು. ಗುಪ್ತಪದ ಹಾಕುವಾಗ ಮುಖ ಆ ಕಡೆ ತಿರುಗಿಸಿಕೊಂಡರು. “ಅದು ನಿನ್ನದು. ನನಗೆ ಹೇಳ್ಬೇಡ” ಎಂದರು. ಹೇಳದೆ ಸೊಸೆ ಬಿಡಲಿಲ್ಲ.

ನಕ್ಷೆಯ ತಂತ್ರಾಂಶವನ್ನೂ ಮತ್ತೆ ಹಾಕಿಸಿದ ಮೇಲೆ ಅತ್ತೆ ಹೇಳುತ್ತ ಹೋದರು, ಸೊಸೆ ಬಿಡಿಸುತ್ತ ಹೋದಳು. ಕಾಲರಿನಂಥ ಸಣ್ಣ ಬಾಗುಗಳನ್ನು ದಿನವಿಡೀ ತಿರುಗಿಸಿದ ಆ ಬೆರಳುಗಳು ಎಲೆಯ ತುದಿಯನ್ನು ಎಷ್ಟು ಸಲೀಸಾಗಿ ತಿರುಗಿಸಿದವೆಂದರೆ ಅತ್ತೆ ನಾಲಿಗೆ ಕಚ್ಚಿಕೊಂಡರು. ಅತ್ತೆಯ ಎಷ್ಟೋ ಮಧ್ಯಾಹ್ನಗಳನ್ನು ತಿಂದಿದ್ದ ತೋಳು ಊಟದ ಹೊತ್ತಿಗೆ ಮುಗಿಯಿತು. ಕಾಗದದ ಮೇಲೆ ಮುದ್ರಿಸಿ ಬಟ್ಟೆಯ ಮೇಲಿಟ್ಟರು. ಸೊಸೆ ಕಚ್ಚಾ ಹೊಲಿಗೆಗೆಂದು ದಾರ ತೆಗೆದಳು. ಅತ್ತೆ ಅದನ್ನು ಕಸಿದುಕೊಂಡು ಕತ್ತರಿಯನ್ನು ಆಕೆಯ ಕೈಯಲ್ಲಿಟ್ಟರು.

“ಕತ್ತರಿಸೇ ಹುಡುಗಿ. ಹಾಳಾದ್ರೆ ಬಟ್ಟೆ ತಾನೆ.”

ಸಂಜೆಗೆ ಅಂಗಿ ಸಿದ್ಧವಾಯಿತು. ತೊಡಲು ಮನೆಯಲ್ಲಿ ಒಂದೇ ಮೈ ಇತ್ತು. ಗಂಡ ಹೊಸ ಅಂಗಿ ತೊಟ್ಟು, ಸೊಂಟಕ್ಕೆ ಸಿಕ್ಕಿಸಿಕೊಂಡು, ಕನ್ನಡಿಯಲ್ಲಿ ತೆಳ್ಳಗೆ ಕಂಡು, ಔಷಧಿಯವರಿಗೆ ತೋರಿಸಿ ಬರುತ್ತೇನೆಂದು ಹೊರಟರು. ಹೊಸ್ತಿಲಲ್ಲಿ ನಿಂತರು. ತಲೆಯೆತ್ತಿದರು. ಟೇಪು ಇರಲಿಲ್ಲ.

“ಮಾವಾ!” ಎಂದು ಚೀರಿದಳು ಸೊಸೆ. ಕಂಪ್ಯೂಟರ್ ಇನ್ನೂ ಆನ್ ಆಗಿತ್ತು, ನಕ್ಷೆ ತೆರೆದೇ ಇತ್ತು.

ಅತ್ತೆ ಆಕೆಯ ಕೈ ಹಿಡಿದು ನಿಲ್ಲಿಸಿದರು. “ಬಿಡು. ಉಳಿಸಿದೀಯಲ್ಲ? ಅಂಗಿ ನೋಡು.”

ಗಂಡನ ಕೈ ಮೇಲಕ್ಕೆ ಹೋಯಿತು. ಪೂರ್ತಿ ಚಾಚಿತು, ಹಿಮ್ಮಡಿಯೂ ನೆಲ ಬಿಟ್ಟಿತು. ಅತ್ತೆ ಸೊಸೆ ಇಬ್ಬರೂ ಬಾಗಿ ಅವರ ಸೊಂಟವನ್ನೇ ನೋಡುತ್ತಿದ್ದರು. ಟಕ್ ಎಂದಿತು ಸ್ವಿಚ್ಚು. ದೀಪ, ಫ್ಯಾನು, ಕಂಪ್ಯೂಟರ್ ಎಲ್ಲ ಒಟ್ಟಿಗೆ ಆರಿಹೋದವು. ಬಾಗಿಲಿನಿಂದ ಬರುತ್ತಿದ್ದ ಸಂಜೆಯ ಬೆಳಕಿನಲ್ಲಿ ಅಂಗಿ ಸೊಂಟದಿಂದ ಒಂದು ಎಳೆಯಷ್ಟೂ ಮೇಲೆದ್ದಿರಲಿಲ್ಲ.